ರಾಗಿ ಬೆಳೆ ಸುಧಾರಣೆ: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆ

ರಾಗಿ ಬೆಳೆ ಸುಧಾರಣೆ ಎಂದರೆ ರಾಗಿಯ ಕಾಳು ಮತ್ತು ಹುಲ್ಲಿನ ಇಳುವರಿ ಹೆಚ್ಚಿಸಲು, ಬರ, ರೋಗ ಮತ್ತು ಅಕಾಲ ಮಳೆಯನ್ನು ಬೆಳೆ ತಾಳಿಕೊಳ್ಳುವಂತೆ ಮಾಡಲು ಅನುಸರಿಸುವ ತಳಿ ಅಭಿವೃದ್ಧಿ, ಬೇಸಾಯ ಕ್ರಮ ಮತ್ತು ನೆಲ-ನೀರಿನ ನಿರ್ವಹಣೆಯ ಒಟ್ಟು ವಿಧಾನ. ಭಾರತದಲ್ಲಿ ಬೆಳೆಯುವ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದು; ತುಮಕೂರು ರಾಜ್ಯದ ಮುಖ್ಯ ರಾಗಿ ಜಿಲ್ಲೆಗಳಲ್ಲಿ ಒಂದು. ಇಲ್ಲಿನ ಬೇಸಾಯ ಬಹುಮಟ್ಟಿಗೆ ಮಳೆಯಾಶ್ರಿತ. ಹಾಗಾಗಿ ಈ ಸೀಮೆಯಲ್ಲಿ ಇಳುವರಿ ಹೆಚ್ಚಿಸುವ ಕೆಲಸವನ್ನೂ ಬರ ಎದುರಿಸುವ ಕೆಲಸವನ್ನೂ ಬೇರೆ ಬೇರೆಯಾಗಿ ನೋಡಲು ಬರುವುದಿಲ್ಲ. ತಳಿಯ ಅವಧಿ, ಬಿತ್ತನೆಯ ದಿನ, ಮಣ್ಣಿನಲ್ಲಿ ನಿಂತ ತೇವ ಈ ಮೂರೂ ಹೊಂದಿಬಂದ ವರ್ಷ ಕಣ ತುಂಬುತ್ತದೆ.

ನೆಲ ಮತ್ತು ಮಳೆ

ಕರ್ನಾಟಕದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಮೂರು ತುಮಕೂರು ಜಿಲ್ಲೆಯೊಳಗೆ ಹಾದುಹೋಗುತ್ತವೆ. ತುಮಕೂರು ಮತ್ತು ಗುಬ್ಬಿ ತಾಲ್ಲೂಕುಗಳು ಪೂರ್ವ ಒಣ ವಲಯಕ್ಕೆ, ಕುಣಿಗಲ್ ಮತ್ತು ತುರುವೇಕೆರೆ ದಕ್ಷಿಣ ಒಣ ವಲಯಕ್ಕೆ ಸೇರಿವೆ. ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು ತಾಲ್ಲೂಕುಗಳು ಇನ್ನೂ ಕಡಿಮೆ ಮಳೆಯ ಮಧ್ಯ ಒಣ ವಲಯದಲ್ಲಿವೆ. ಒಂದೇ ಜಿಲ್ಲೆಗೆ ಒಂದೇ ಬೇಸಾಯ ಶಿಫಾರಸು ಸಾಕಾಗದಿರುವುದು ಇದರಿಂದ.

ಪೂರ್ವ ಮತ್ತು ದಕ್ಷಿಣ ಒಣ ವಲಯಗಳ ವಾರ್ಷಿಕ ಮಳೆ ಸುಮಾರು 670ರಿಂದ 890 ಮಿ.ಮೀ. ಅಂಕಿ ನೋಡಿದರೆ ರಾಗಿಗೆ ಇದು ಧಾರಾಳ. ತೊಂದರೆ ಇರುವುದು ಹಂಚಿಕೆಯಲ್ಲಿ. ಮೇ ತಿಂಗಳಲ್ಲಿ ಒಂದಿಷ್ಟು ಹದಮಳೆ, ಜೂನ್-ಜುಲೈನಲ್ಲಿ ಮೋಡವೇ ಹೆಚ್ಚು, ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಜೋರು ಮಳೆ ಎಂಬುದು ಇಲ್ಲಿನ ರೂಢಿ. ನಡುವೆ ಎರಡು ಮೂರು ವಾರ ಹನಿ ಬೀಳದ ಬಿಡುವು ಬರುತ್ತದೆ. ಮಣ್ಣು ಕೆಂಪು ಮರಳುಮಿಶ್ರಿತ ಗೋಡು. ಬೇಗ ನೀರು ಹೀರುತ್ತದೆ, ಬೇಗ ಒಣಗುತ್ತದೆ. ಮಳೆಯ ಹೊಡೆತಕ್ಕೆ ಮೇಲೆ ಹೆಪ್ಪುಗಟ್ಟಿದರೆ ರಾಗಿಯಂಥ ಸಣ್ಣ ಬೀಜದ ಮೊಳಕೆ ಮೇಲೇಳುವುದೇ ಕಷ್ಟ.

ಮೂಲ ಮತ್ತು ಸಸ್ಯದ ರಚನೆ

ರಾಗಿಯ ಸಸ್ಯಶಾಸ್ತ್ರೀಯ ಹೆಸರು ಎಲ್ಯೂಸಿನ್ ಕೊರಕಾನ. ಇದರ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಅಲ್ಲಿನ ಎಲ್ಯೂಸಿನ್ ಆಫ್ರಿಕಾನ ಎಂಬ ಕಾಡುಹುಲ್ಲು ಇದರ ಪೂರ್ವಜ. ಭಾರತಕ್ಕೆ ಬಂದ ಕಾಲ ನಿರ್ದಿಷ್ಟವಾಗಿ ಇತ್ಯರ್ಥವಾಗಿಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸಿಕ್ಕ ಕಾಳು ರಾಗಿಯದೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಮೆಕ್ಕೆಜೋಳ, ಕಬ್ಬು, ಜೋಳಗಳ ಹಾಗೆ ರಾಗಿಯೂ ಸಿ-4 ಮಾದರಿಯ ದ್ಯುತಿಸಂಶ್ಲೇಷಣೆ ನಡೆಸುವ ಗಿಡ. ಬಿಸಿಲು ಹೆಚ್ಚಿದಾಗ, ಎಲೆಯ ರಂಧ್ರಗಳು ಅರೆಮುಚ್ಚಿದ್ದಾಗಲೂ ಅದು ಇಂಗಾಲದ ಡೈ ಆಕ್ಸೈಡನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಒಂದು ಕಿಲೋ ಒಣಪದಾರ್ಥ ಕಟ್ಟಲು ಭತ್ತಕ್ಕಿಂತ ಕಡಿಮೆ ನೀರು ಬೇಡುತ್ತದೆ. ತೆಂಡೆ ಒಡೆಯುವ ಹಂತದಲ್ಲಿ ಮಳೆ ಕೈಕೊಟ್ಟರೆ ಬೆಳವಣಿಗೆ ತಡೆದು ನಿಲ್ಲಿಸಿ, ಮಳೆ ಮರಳಿದಾಗ ಹೊಸ ತೆಂಡೆ ಹೊರಡಿಸುವುದು ಇದರ ಇನ್ನೊಂದು ಗುಣ. ಹೂಬಿಡುವ ಮತ್ತು ಹಾಲುಗಾಳಿನ ಹಂತದಲ್ಲಿ ಮಾತ್ರ ಈ ಸೈರಣೆ ಇಲ್ಲ. ಆಗಿನ ಒಣಹವೆ ನೇರವಾಗಿ ಕಾಳಿಗೇ ಪೆಟ್ಟು.

ಸಾವಿರ ಕಾಳಿನ ತೂಕ ಸುಮಾರು 2.5ರಿಂದ 3 ಗ್ರಾಂ. ನೂರು ಗ್ರಾಂ ಕಾಳಿನಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದ್ದು, ಧಾನ್ಯಗಳಲ್ಲಿ ಇದಕ್ಕೆ ಸಾಟಿ ಇಲ್ಲ.

ತಳಿ ಸುಧಾರಣೆಯ ಇತಿಹಾಸ

ಮೈಸೂರು ಸಂಸ್ಥಾನದಲ್ಲಿ ವೈಜ್ಞಾನಿಕ ಕೃಷಿ ಪ್ರಯೋಗಗಳಿಗೆ ನೆಲೆಯಾದದ್ದು ಬೆಂಗಳೂರಿನ ಹೆಬ್ಬಾಳ. 1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಅವರು ಅಲ್ಲಿ 30 ಎಕರೆ ಭೂಮಿ ನೀಡಿದರು. 1908ರಲ್ಲಿ ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ ಈ ಕೆಲಸವನ್ನು ವಿಸ್ತರಿಸಿದರು. ರೈತರ ಹೊಲಗಳಿಂದ ತಂದ ನಾಟಿ ರಾಗಿಗಳಲ್ಲಿ ಉತ್ತಮ ತೆನೆಗಳನ್ನು ಆರಿಸಿ, ಒಂದೊಂದು ತೆನೆಯ ಸಂತತಿಯನ್ನು ಬೇರೆ ಬೇರೆಯಾಗಿ ಬೆಳೆಸಿ ನೋಡುವುದು ಆ ಕಾಲದ ಕ್ರಮ. ಹೀಗೆ ಹೊರಬಂದ ಎಚ್-22 ತಳಿ 1918ರಲ್ಲಿ ಬಿಡುಗಡೆಯಾಯಿತು.

ಆಯ್ಕೆಯಿಂದ ಸಂಕರಣಕ್ಕೆ ದಾಟುವುದು ರಾಗಿಯಲ್ಲಿ ಸುಲಭವಿರಲಿಲ್ಲ. ಹೂ ಅತಿ ಸಣ್ಣದು. ನಸುಕಿಗೂ ಮುಂಚೆ ಅರಳಿ ತನ್ನ ಪರಾಗವನ್ನೇ ತಾನು ಪಡೆದುಬಿಡುತ್ತದೆ. ಚಿಮುಟದಿಂದ ಕೇಸರ ತೆಗೆಯಲು ಹೊರಟರೆ ಹೂವೇ ಕೈಗೆ ಬರುತ್ತದೆ. ಆದ್ದರಿಂದ ತೆನೆಯನ್ನು ಸುಮಾರು 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿ ಪರಾಗವನ್ನು ನಿಷ್ಕ್ರಿಯಗೊಳಿಸುವ ಪದ್ಧತಿ ಬಂತು. ಇದಕ್ಕೂ ಸರಳವಾದದ್ದು ಸಂಪರ್ಕ ವಿಧಾನ: ಎರಡು ತಳಿಗಳ ತೆನೆಗಳನ್ನು ಒಟ್ಟಿಗೆ ಕಟ್ಟಿ ಬಿಟ್ಟು, ಆಕಸ್ಮಿಕವಾಗಿ ಆದ ಸಂಕರವನ್ನು ಮುಂದಿನ ಪೀಳಿಗೆಯಲ್ಲಿ ಹುಡುಕುವುದು. ಹಸಿರು ಗಿಡವನ್ನು ತಾಯಿಯಾಗಿ, ನೇರಳೆ ಛಾಯೆಯ ಗಿಡವನ್ನು ತಂದೆಯಾಗಿ ಇಟ್ಟುಕೊಂಡರೆ ಸಸಿಮಡಿಯಲ್ಲಿ ನೇರಳೆ ತಿರುಗಿದ ಪೈರೇ ಸಂಕರ ಎಂದು ಗುರುತಾಗುತ್ತದೆ, ಏಕೆಂದರೆ ನೇರಳೆ ಬಣ್ಣ ಪ್ರಬಲ ಗುಣ. ಸಾವಿರಾರು ಪೈರುಗಳ ನಡುವೆ ಅಂಥ ನಾಲ್ಕಾರು ಸಿಕ್ಕಿದರೂ ಕೆಲಸ ಮುಂದುವರಿಯುತ್ತಿತ್ತು.

ಈ ತಾಳ್ಮೆಯ ಕೆಲಸವನ್ನು ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಸಿದವರು ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯ. 1950 ಮತ್ತು 60ರ ದಶಕಗಳಲ್ಲಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳು ಅವರ ಕೈಯಿಂದ ಬಂದವು. ಇವು ಭಾರತೀಯ ತಳಿಗಳ ಪರಸ್ಪರ ಸಂಕರಗಳು. ನಂತರ ಅವರು ಆಫ್ರಿಕದ ರಾಗಿಯತ್ತ ತಿರುಗಿದರು. ಆಫ್ರಿಕದ ತಳಿಗಳ ಕಾಂಡ ಗಟ್ಟಿ, ತೆನೆ ದಪ್ಪ, ರೋಗ ನಿರೋಧ ಹೆಚ್ಚು. ಆದರೆ ಅವು ಮಾಗುವುದು ನಿಧಾನ. ಭಾರತದ ತಳಿಗಳು ಬೇಗ ಮಾಗುತ್ತವೆ, ಇಲ್ಲಿನ ಹವೆಗೆ ಒಗ್ಗಿವೆ. ಎರಡನ್ನೂ ಬೆಸೆದು ಪಡೆದ ಸರಣಿಗೆ ಇಂಡಿಯಾ ಮತ್ತು ಆಫ್ರಿಕ ಎರಡೂ ಹೆಸರು ಸೇರಿ ‘ಇಂಡಾಫ್’ ಎಂದಾಯಿತು. ರಾಗಿ ಬೆಳೆಯುವ ವಿಸ್ತೀರ್ಣ ಕುಗ್ಗುತ್ತ ಬಂದ ದಶಕಗಳಲ್ಲೂ ರಾಜ್ಯದ ಉತ್ಪಾದನೆ ಕುಸಿಯದಂತೆ ಹಿಡಿದ ಮುಖ್ಯ ಕಾರಣಗಳಲ್ಲಿ ಇಂಡಾಫ್ ಒಂದು. ಭತ್ತ, ಗೋಧಿಯ ಹಸಿರು ಕ್ರಾಂತಿಗೆ ಸಿಕ್ಕ ಪ್ರಚಾರದ ಒಂದಂಶವೂ ಈ ಸಾಧನೆಗೆ ಸಿಕ್ಕಿಲ್ಲ.

1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಸಂಶೋಧನೆ ಅದರ ಅಡಿಗೆ ಬಂತು. ಅಖಿಲ ಭಾರತ ಕಿರುಧಾನ್ಯ ಯೋಜನೆಯ ಸಮನ್ವಯ ಘಟಕವೂ ಅದರ ಗಾಂಧಿ ಕೃಷಿ ವಿಜ್ಞಾನ ಕೇಂದ್ರ (ಜಿಕೆವಿಕೆ) ಆವರಣದಲ್ಲೇ ನೆಲೆಗೊಂಡಿತು.

ತಳಿಗಳ ವಿಧಗಳು

ರಾಗಿ ತಳಿಗಳನ್ನು ಅವಧಿಯ ಮೇಲೆ ಮೂರಾಗಿ ವಿಂಗಡಿಸುತ್ತಾರೆ.

ದೀರ್ಘಾವಧಿ ತಳಿಗಳು 120 ದಿನ ಅಥವಾ ಹೆಚ್ಚು ತೆಗೆದುಕೊಳ್ಳುತ್ತವೆ. ಇಂಡಾಫ್-8, ಎಂಆರ್-1, ಎಂಆರ್-6, ಎಲ್-5 ಈ ಗುಂಪಿನವು. ಮುಂಗಾರು ಸಕಾಲಕ್ಕೆ ಬಂದು ಆರಿದ್ರೆ, ಪುನರ್ವಸು ಮಳೆಯಲ್ಲಿ ಬಿತ್ತನೆ ಆದರೆ ಕಾಳೂ ಹುಲ್ಲೂ ಇವುಗಳಿಂದಲೇ ಹೆಚ್ಚು. ಮಧ್ಯಮಾವಧಿಯವು 105ರಿಂದ 115 ದಿನದವು: ಜಿಪಿಯು-28, ಜಿಪಿಯು-66, ಎಂಎಲ್-365. ಪುಷ್ಯ, ಆಶ್ಲೇಷದ ಬಿತ್ತನೆಗೆ ಇವು ಸರಿ. ಅಲ್ಪಾವಧಿಯ ಇಂಡಾಫ್-9, ಜಿಪಿಯು-48, ಕೆಎಂಆರ್-204ರಂಥವು ಸುಮಾರು ನೂರು ದಿನದೊಳಗೆ ಕೊಯ್ಲಿಗೆ ಬರುತ್ತವೆ. ಮಳೆ ಮಘೆವರೆಗೆ ತಡವಾದಾಗ ಉಳಿಯುವ ದಾರಿ ಇವು. ಕೆಎಂಆರ್-340 ಬಿಳಿ ಕಾಳಿನ ತಳಿ, ಬೇಕರಿ ಮತ್ತು ಸಿದ್ಧ ಆಹಾರದ ಉಪಯೋಗಕ್ಕೆಂದೇ ಬಂದದ್ದು.

ಅವಧಿಗೆ ಇಷ್ಟು ಮಹತ್ವ ಏಕೆಂಬುದು ಒಂದು ಲೆಕ್ಕದಿಂದ ತಿಳಿಯುತ್ತದೆ. 125 ದಿನದ ತಳಿಯನ್ನು ಆಗಸ್ಟ್ ಮಧ್ಯಕ್ಕೆ ಬಿತ್ತಿದರೆ ಅದು ಹೂಬಿಡುವುದು ನವೆಂಬರ್ ಮೊದಲರ್ಧದಲ್ಲಿ. ಅಷ್ಟರಲ್ಲಿ ಚಿತ್ತೆ, ಸ್ವಾತಿ ಮಳೆ ಮುಗಿದು ಚಳಿಗಾಳಿ ಬೀಸತೊಡಗಿರುತ್ತದೆ. ಕೆಂಪುಮಣ್ಣಿನ ತೇವ ಹಾಲುಗಾಳು ತುಂಬುವಷ್ಟು ದಿನ ಬಾರದು. ಅದೇ ದಿನ ಬಿತ್ತಿದ ನೂರು ದಿನದ ತಳಿ ಅಕ್ಟೋಬರ್‌ನಲ್ಲೇ ತೆನೆ ಹೊಡೆದು, ಹಿಂಗಾರಿನ ತೇವದಲ್ಲಿ ಕಾಳು ಕಟ್ಟುತ್ತದೆ. ತಜ್ಞರು ಇದನ್ನು ಬರದಿಂದ ತಪ್ಪಿಸಿಕೊಳ್ಳುವುದು ಎಂದೂ, ಎಂಎಲ್-365ರ ಹಾಗೆ ತೇವದ ಕೊರತೆ ಇದ್ದೂ ಕಾಳು ಕಟ್ಟುವುದನ್ನು ಬರ ತಾಳುವುದು ಎಂದೂ ಪ್ರತ್ಯೇಕಿಸುತ್ತಾರೆ.

1996ರಲ್ಲಿ ಬಿಡುಗಡೆಯಾದ ಜಿಪಿಯು-28 ರಾಜ್ಯದಲ್ಲಿ ಅತಿ ಹೆಚ್ಚು ಹರಡಿದ ತಳಿ. ಇಂಡಾಫ್-9 ಮತ್ತು ಐಇ-1012 ಎಂಬ ಸಾಲಿನ ಸಂಕರವನ್ನು ಇಂಡಾಫ್-5ರೊಂದಿಗೆ ಮತ್ತೆ ಸಂಕರಿಸಿ ಇದನ್ನು ಪಡೆಯಲಾಯಿತು. ಬೆಂಕಿ ರೋಗವನ್ನು ತಡೆಯುವ ಗುಣವೇ ಇದರ ಜನಪ್ರಿಯತೆಯ ಗುಟ್ಟು.

ಹುಲ್ಲಿನ ಮಾತು ಇಲ್ಲಿ ಬರಲೇಬೇಕು. ತುಮಕೂರು ಸೀಮೆಯಲ್ಲಿ ರಾಗಿ ಹುಲ್ಲಿನ ಮೆದೆ ಹೈನುಗಾರಿಕೆಯ ಆಧಾರ. ಕಾಳು ಹೆಚ್ಚು ಕೊಟ್ಟು ಗಿಡ್ಡವಾಗಿ ಬೆಳೆಯುವ ತಳಿಯನ್ನು ಹಸು ಕಟ್ಟಿದ ಮನೆಯವರು ಒಪ್ಪುವುದು ಕಡಿಮೆ. ಗಿಡ್ಡತಳಿಗಳಿಂದ ಭತ್ತ, ಗೋಧಿಯಲ್ಲಿ ಆದ ಬದಲಾವಣೆ ರಾಗಿಯಲ್ಲಿ ಅದೇ ರೂಪದಲ್ಲಿ ಆಗದಿರಲು ಇದೂ ಒಂದು ಕಾರಣ.

ಬೆಂಕಿ ರೋಗ

ಪೈರಿಕುಲೇರಿಯ ಶಿಲೀಂಧ್ರದಿಂದ ಬರುವ ಬೆಂಕಿ ರೋಗ ರಾಗಿಯ ದೊಡ್ಡ ಶತ್ರು. ಎಲೆಯ ಮೇಲೆ ಕದಿರಿನಾಕಾರದ, ಅಂಚು ಕಂದು, ನಡು ಬೂದು ಬಣ್ಣದ ಚುಕ್ಕೆಗಳು ಮೊದಲ ಲಕ್ಷಣ. ಎಲೆಗಿಂತ ಅಪಾಯಕಾರಿಯಾದದ್ದು ಕುತ್ತಿಗೆ ಬೆಂಕಿ ರೋಗ. ತೆನೆಯ ಬುಡ ಕಪ್ಪಾಗಿ ಕುಗ್ಗಿ, ಮೇಲಕ್ಕೆ ಆಹಾರ ಹರಿಯದೆ ಇಡೀ ತೆನೆ ಜೊಳ್ಳಾಗುತ್ತದೆ. ತೆನೆಯ ಬೆರಳುಗಳಾದ ಇಲುಕುಗಳಿಗೆ ತಗುಲಿದರೆ ತುದಿಯಿಂದ ಕೆಳಗೆ ಒಣಗುತ್ತ ಬರುತ್ತದೆ. ಮೋಡ ಮುಸುಕಿದ ತಂಪು ಹವೆ, ಎಲೆಯ ಮೇಲೆ ನಿಂತ ಇಬ್ಬನಿ, ಅತಿಯಾದ ಯೂರಿಯ ಇದಕ್ಕೆ ಅನುಕೂಲ. ನಿರೋಧಕ ತಳಿ, ಕಿಲೋ ಬೀಜಕ್ಕೆ 2 ಗ್ರಾಂ ಕಾರ್ಬೆಂಡೆಜಿಂ ಬೆರೆಸಿದ ಬೀಜೋಪಚಾರ, ಅಗತ್ಯ ಬಿದ್ದಾಗ ಸಿಂಪಡಣೆ, ಈ ಕ್ರಮದಲ್ಲಿ ನಿರ್ವಹಣೆ ನಡೆಯುತ್ತದೆ.

ಬೇಸಾಯ ಕ್ರಮಗಳು

ಬೀಜ ಗಡುಸುಗೊಳಿಸುವುದು ಖರ್ಚಿಲ್ಲದ ಮೊದಲ ಹೆಜ್ಜೆ. ಕಿಲೋ ಬೀಜಕ್ಕೆ ಒಂದು ಲೀಟರ್ ನೀರಿನಂತೆ ಆರು ಗಂಟೆ ನೆನೆಹಾಕಿ, ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಎರಡು ದಿನ ಕಟ್ಟಿಡುತ್ತಾರೆ. ಮೊಳಕೆಯ ಮೊದಲ ಸುಳಿವು ಕಂಡೊಡನೆ ಬಿಚ್ಚಿ, ನೆರಳಿನಲ್ಲಿ ಒಣಬಟ್ಟೆಯ ಮೇಲೆ ಎರಡು ದಿನ ಆರಿಸುತ್ತಾರೆ. ಹೀಗೆ ಒಮ್ಮೆ ಎಚ್ಚರಗೊಂಡು ಮತ್ತೆ ಒಣಗಿದ ಬೀಜ ಹೊಲದ ಅರೆತೇವದಲ್ಲೂ ಬೇಗ, ಒಂದೇ ಸಮನಾಗಿ ಹುಟ್ಟುತ್ತದೆ.

ಚೆಲ್ಲು ಬಿತ್ತನೆಗಿಂತ ಕೂರಿಗೆ ಬಿತ್ತನೆಯನ್ನು ಶಿಫಾರಸು ಮಾಡಲಾಗುತ್ತದೆ. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರ ಇದ್ದರೆ ಎಡೆಕುಂಟೆ ಹೊಡೆಯಲು ಜಾಗ ಸಿಗುತ್ತದೆ. ಕುಂಟೆ ಕಳೆಯನ್ನಷ್ಟೇ ಕೀಳುವುದಿಲ್ಲ. ಮಣ್ಣಿನ ಹೆಪ್ಪು ಒಡೆದು ತೇವ ಆವಿಯಾಗದಂತೆ ತಡೆಯುತ್ತದೆ. ಕುಣಿಗಲ್ ಕಡೆಯ ಕೆರೆ ಅಚ್ಚುಕಟ್ಟಿನಂಥಲ್ಲಿ ರಾಗಿ ನಾಟಿ ಮಾಡುವುದು ಸಾಧ್ಯ. ಮೂರು ವಾರದ ಪೈರನ್ನು ಕಿತ್ತು ನೆಡುತ್ತಾರೆ. ಮಳೆ ತಡವಾದ ವರ್ಷ ಬಾವಿ ನೀರಿದ್ದ ಒಬ್ಬರ ಹೊಲದಲ್ಲಿ ಊರಿಗೆಲ್ಲ ಪೈರು ಬೆಳೆಸಿ, ಮಳೆ ಬಿದ್ದೊಡನೆ ನೆಟ್ಟುಬಿಡುವ ಸಮುದಾಯ ಸಸಿಮಡಿ ಇದರದೇ ವಿಸ್ತರಣೆ.

ಗುಳಿ ರಾಗಿ ಹಾವೇರಿ ಸೀಮೆಯ ರೈತರ ಪದ್ಧತಿ. ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಅವು ಕೂಡುವ ಜಾಗದಲ್ಲಿ ಗೊಬ್ಬರ ಹಾಕಿ ಎರಡೆರಡು ಪೈರು ನೆಟ್ಟು, ಬೆಳೆ ಎಳೆಯದಾಗಿರುವಾಗ ಮೇಲೆ ಕೊರಡು ಹಾಯಿಸುತ್ತಾರೆ. ಬಾಗಿದ ಪೈರು ಬುಡದಿಂದ ಹೆಚ್ಚು ತೆಂಡೆ ಒಡೆಯುತ್ತದೆ. ದೂರ ದೂರ ನೆಟ್ಟು ಹೆಚ್ಚು ತೆಂಡೆ ಪಡೆಯುವ ಭತ್ತದ ‘ಶ್ರೀ’ ಪದ್ಧತಿಯ ತತ್ವವೂ ಇದೇ.

ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿಲೋ ಸಾರಜನಕ, 40 ಕಿಲೋ ರಂಜಕ ಶಿಫಾರಸಿನಲ್ಲಿದೆ, ಜೊತೆಗೆ ಪೊಟ್ಯಾಷ್. ರಸಗೊಬ್ಬರವೊಂದರಿಂದ ಇಳುವರಿ ನಿಲ್ಲದು ಎಂಬುದಕ್ಕೆ ಜಿಕೆವಿಕೆಯ ಒಣಬೇಸಾಯ ಕೇಂದ್ರದಲ್ಲಿ 1978ರಿಂದ ನಡೆದುಬಂದ ದೀರ್ಘಕಾಲದ ಪ್ರಯೋಗ ಸಾಕ್ಷಿ. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದೊಂದಿಗೆ ಪೂರ್ಣ ಪ್ರಮಾಣದ ರಸಗೊಬ್ಬರ ಕೊಟ್ಟ ತಾಕುಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಸ್ಥಿರವಾದ ಫಸಲು ಕೊಟ್ಟಿವೆ. ಮಣ್ಣಿನ ಸಾವಯವ ಇಂಗಾಲವೂ ಅಲ್ಲೇ ಉಳಿದಿದೆ. 2009ರಲ್ಲಿ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ನೆರವಿನಿಂದ ಆರಂಭವಾದ ರಾಜ್ಯದ ಭೂಚೇತನ ಯೋಜನೆ ಸತು, ಬೋರಾನ್, ಗಂಧಕದ ಕೊರತೆಯನ್ನು ಮಣ್ಣು ಪರೀಕ್ಷೆಯಿಂದ ಗುರುತಿಸಿ ತುಂಬಿಕೊಡುವ ಕೆಲಸ ಮಾಡಿತು.

ಅಕ್ಕಡಿ ಮತ್ತು ಜೊತೆ ಬೆಳೆಗಳು

ರಾಗಿ ಹೊಲದಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆಯ ಅಕ್ಕಡಿ ಸಾಲು ಇಡುವುದು ಈ ಸೀಮೆಯ ಹಳೆಯ ರೂಢಿ. ಸಂಶೋಧನೆ ಇದನ್ನು ತಿದ್ದಿ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬ ಪ್ರಮಾಣಕ್ಕೆ ತಂದಿತು. ತೊಗರಿಯ ಜೋಡಿ ಸಾಲಿನ ನಡುವೆ ತೆಗೆದ ತೇವ ಸಂರಕ್ಷಣಾ ಕಾಲುವೆಯಲ್ಲಿ ಸೆಪ್ಟೆಂಬರ್ ಮಳೆ ಇಂಗುತ್ತದೆ. ರಾಗಿ ಕೊಯ್ದ ಮೇಲೂ ನಿಲ್ಲುವ ತೊಗರಿ ಆ ತೇವ ಉಣ್ಣುತ್ತದೆ. ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂಬಿಡುವ ಜಾತಿ. ಹೆಬ್ಬಾಳದ ಎಚ್‌ಎ-3, ಎಚ್‌ಎ-4 ತಳಿಗಳಿಗೆ ಈ ಕಟ್ಟಿಲ್ಲ. ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಬಿಡುತ್ತವೆ.

ರಾಗಿಯಾಚೆ, ಈ ಸೀಮೆಯ ಬರ ತಾಳುವ ಮರಬೆಳೆಗಳಲ್ಲೂ ಇಂಥ ಕೆಲಸ ನಡೆದಿದೆ. ತುಮಕೂರು ಬಳಿಯ ಹಿರೇಹಳ್ಳಿಯಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಹೊಲದಲ್ಲಿದ್ದ ಒಂದು ಹಲಸಿನ ಮರವನ್ನು ಪರೀಕ್ಷಿಸಿ ‘ಸಿದ್ದು’ ಎಂದು ಗುರುತಿಸಿತು. ಹಣ್ಣು ಸರಾಸರಿ ಎರಡೂವರೆ ಕಿಲೋಗಿಂತ ತುಸು ಕಡಿಮೆ, ತೊಳೆ ತಾಮ್ರಗೆಂಪು, ಸಿಹಿಯ ಪ್ರಮಾಣ ಸುಮಾರು 31 ಬ್ರಿಕ್ಸ್. ಬೀಜದಿಂದ ಬೆಳೆದರೆ ಗುಣ ಚದುರಿಹೋಗುವುದರಿಂದ ಕಸಿಯೇ ದಾರಿ. 2017ರ ಒಪ್ಪಂದದಂತೆ ಕಸಿ ಸಸಿ ಮಾರುವ ಪರವಾನಗಿ ಆ ರೈತನಿಗೇ ಸಿಕ್ಕಿತು. ಮಾರಾಟದ ಬಹುಪಾಲು ಆದಾಯ ಮರದ ಮಾಲೀಕನಿಗೇ ಹೋಗುವ ಏರ್ಪಾಡು ಬೇರೆ ತಳಿಗಳಿಗೂ ಮಾದರಿಯಾಗಿದೆ. ಅದೇ ತಾಲ್ಲೂಕಿನಿಂದ ‘ಶಂಕರ’ ಹಲಸೂ ಬಂದಿದೆ.

ನೆಲ-ನೀರಿನ ಸಂರಕ್ಷಣೆ

ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆಯ ಐದು ಜಿಲ್ಲೆಗಳಲ್ಲಿ ತುಮಕೂರು ಒಂದಾಗಿತ್ತು. 2014ರ ಕೃಷಿ ಭಾಗ್ಯ ಯೋಜನೆ ಪಾಲಿಥೀನ್ ಹಾಸಿದ ಕೃಷಿ ಹೊಂಡಗಳನ್ನು ಹೊಲಗಳಿಗೆ ತಂದಿತು. ಹೂಬಿಡುವ ಹೊತ್ತಿನ ಒಂದೇ ಒಂದು ನೀರು ಫಸಲನ್ನು ಉಳಿಸಬಲ್ಲದು. ಹೊಂಡದ ಪ್ರಯೋಜನ ಮುಖ್ಯವಾಗಿ ಅಲ್ಲಿ.

ಇವೆಲ್ಲವನ್ನೂ ಒಂದೇ ಊರಿನಲ್ಲಿ ಒಟ್ಟುಗೂಡಿಸಿ ನೋಡಿದ್ದು ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯಲ್ಲಿ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 2011ರಲ್ಲಿ ಆರಂಭಿಸಿದ ಹವಾಮಾನ ತಾಳಿಕೆಯ ಕೃಷಿ ಯೋಜನೆ ‘ನಿಕ್ರಾ’ ಅಡಿ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಈ ಊರನ್ನು ಆರಿಸಿಕೊಂಡಿತು. ಬದುವಿನ ಪಕ್ಕ ಕಂದಕ ತೆಗೆದು ಮಳೆನೀರು ಹೊಲದಲ್ಲೇ ಇಂಗಿಸುವುದು, ಹೂಳೆತ್ತುವುದು, ಕೃಷಿ ಹೊಂಡ, ಎಂಎಲ್-365 ರಾಗಿಯ ಪ್ರಾತ್ಯಕ್ಷಿಕೆ ಅಲ್ಲಿ ನಡೆದವು.

ಜೀನೋಮ್ ಅಧ್ಯಯನ

ರಾಗಿಯ ಕೋಶದಲ್ಲಿ 36 ವರ್ಣತಂತುಗಳಿವೆ. ಎರಡು ಪೂರ್ವಜ ಹುಲ್ಲುಗಳ ಎರಡು ಜೀನೋಮ್ ಒಂದೇ ಗಿಡದಲ್ಲಿ ಕೂಡಿರುವುದರಿಂದ ಅದನ್ನು ಓದುವುದು ಜಟಿಲ. ಶೈಲಜಾ ಹಿತ್ತಲಮನಿ ನೇತೃತ್ವದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ಎಂಎಲ್-365 ತಳಿಯ ಜೀನೋಮ್ ಅನುಕ್ರಮವನ್ನು 2017ರಲ್ಲಿ ಪ್ರಕಟಿಸಿತು. ಸುಮಾರು 120 ಕೋಟಿ ಅಕ್ಷರಗಳ ಆ ಪಠ್ಯದಲ್ಲಿ 85,000ಕ್ಕೂ ಹೆಚ್ಚು ಜೀನ್‌ಗಳನ್ನು ಗುರುತಿಸಲಾಯಿತು; ಬರಕ್ಕೆ ಸ್ಪಂದಿಸುವ ಮತ್ತು ಕ್ಯಾಲ್ಸಿಯಂ ಸಾಗಣೆಗೆ ಸಂಬಂಧಿಸಿದ ಜೀನ್‌ಗಳೂ ಅದರಲ್ಲಿವೆ. ಕಡಿಮೆ ನೀರಿನಲ್ಲಿ ಬೆಳೆಯುವ ಏರೋಬಿಕ್ ಭತ್ತದಲ್ಲಿ ಡಿಎನ್ಎ ಗುರುತುಗಳ ನೆರವಿನಿಂದ ತಳಿ ಪಡೆದ ಅನುಭವ ಇದೇ ವಿಶ್ವವಿದ್ಯಾಲಯಕ್ಕೆ ಮೊದಲೇ ಇತ್ತು. ರಾಗಿಯಲ್ಲಿ ಆ ಮಾರ್ಗ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಹೊಲದಲ್ಲಿರುವ ತಳಿಗಳೆಲ್ಲ ಸಾಂಪ್ರದಾಯಿಕ ಸಂಕರಣದ ಫಲ.

ಈಗಿನ ಸ್ಥಿತಿ

ಇತ್ತೀಚಿನ ವರ್ಷಗಳು ಎರಡು ವಿರುದ್ಧ ಬಗೆಯ ಹೊಡೆತ ತೋರಿಸಿವೆ. 2021ರ ನವೆಂಬರ್‌ನಲ್ಲಿ ಕೊಯ್ಲಿನ ಹೊತ್ತಿಗೆ ಸುರಿದ ಮಳೆಗೆ ದಕ್ಷಿಣ ಕರ್ನಾಟಕದ ರಾಗಿ ನೆಲಕ್ಕೊರಗಿ ತೆನೆಯಲ್ಲೇ ಮೊಳೆಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ತಳಿ ಅಭಿವೃದ್ಧಿ ಬಹುಕಾಲ ಎರಡನೆಯದನ್ನೇ ಗುರಿಯಾಗಿಟ್ಟುಕೊಂಡಿತ್ತು. ಒರಗದ ಕಾಂಡ ಮತ್ತು ತೆನೆಯಲ್ಲಿ ಬೇಗ ಮೊಳೆಯದ ಗುಣಕ್ಕೆ ಈಗ ಹೆಚ್ಚು ಗಮನ ಬೇಕಾಗಿದೆ. ಕೊಯ್ಲಿಗೆ ಆಳು ಸಿಗದೆ ಯಂತ್ರ ಬರುತ್ತಿರುವುದರಿಂದಲೂ ನೆಟ್ಟಗೆ ನಿಲ್ಲುವ, ಏಕಕಾಲಕ್ಕೆ ಮಾಗುವ ತಳಿಗಳಿಗೆ ಬೇಡಿಕೆ ಇದೆ.

ಇನ್ನೊಂದು ಬದಲಾವಣೆ ಬೆಳೆಯ ಜಾಗದ್ದು. ಹೇಮಾವತಿ ನಾಲೆ ಮತ್ತು ಕೊಳವೆಬಾವಿಯ ನೀರು ತಲುಪಿದಲ್ಲಿ ಗುಬ್ಬಿ, ತುಮಕೂರು ತಾಲ್ಲೂಕುಗಳ ಹೊಲಗಳು ಅಡಿಕೆ, ತೆಂಗಿನ ತೋಟಗಳಾಗುತ್ತಿವೆ. ರಾಗಿ ಹೆಚ್ಚಾಗಿ ನೀರು ಏರದ ದಿಣ್ಣೆ ಹೊಲಗಳಿಗೆ ಸರಿದಿದೆ. ಹೀಗಾಗಿ ಹೊಸ ತಳಿಗಳು ಒಳ್ಳೆಯ ನೆಲದಲ್ಲಿ ತೋರಿಸುವ ಇಳುವರಿಗಿಂತ ಬಡ ನೆಲದಲ್ಲಿ ಉಳಿಸಿಕೊಳ್ಳುವ ಇಳುವರಿಯೇ ಮುಖ್ಯವಾಗುತ್ತಿದೆ. ಬೆಲೆಯ ಕಡೆಯಿಂದ ಮಾತ್ರ ರಾಗಿಗೆ ಸ್ವಲ್ಪ ಬಲ ಬಂದಿದೆ: ಕ್ವಿಂಟಲಿಗೆ 2023-24ರಲ್ಲಿ ₹3,846 ಇದ್ದ ಕೇಂದ್ರದ ಬೆಂಬಲ ಬೆಲೆ 2025-26ಕ್ಕೆ ₹4,886 ಆಯಿತು. ಈ ಬೆಲೆಗೆ ಕೊಂಡ ರಾಗಿ ಪಡಿತರ ಅಂಗಡಿಗಳ ಮೂಲಕ ರಾಜ್ಯದ ದಕ್ಷಿಣ ಜಿಲ್ಲೆಗಳ ಮನೆಗಳಿಗೆ ಹಂಚಿಕೆಯಾಗುತ್ತದೆ.